ಎಲುಬು ಕಾಣುವ ನಾಯಿ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನಾಯಿಯ ಕೊರಳಿಗೆ ಕಟ್ಟುವ ಚರ್ಮದ ಪಟ್ಟಾ ಒಂದು ನೇತಾಡುತ್ತಿದೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಬಂದವರು ಪಟ್ಟಾ ನೋಡುತ್ತಾರೆ, ಆಮೇಲೆ ಮಂಚದ ಕೆಳಗೆ ನೋಡುತ್ತಾರೆ, ಆಮೇಲೆ ಕಾಲನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಂಡು ಕೂರುತ್ತಾರೆ. "ನಾಯಿ ಇಲ್ಲರಿ, ಪಟ್ಟಾ ಅಷ್ಟ ಐತಿ" ಎಂದರೂ ಅವರಿಗೆ ಸಮಾಧಾನವಿಲ್ಲ. ನನಗೂ ಇಲ್ಲ. ಆ ಪಟ್ಟಾ ಕಣ್ಣಿಗೆ ಬಿದ್ದಾಗೆಲ್ಲ ನನ್ನ ಕೈ ತಾನಾಗಿ ರೊಟ್ಟಿಬುಟ್ಟಿಯ ಕಡೆ ಹೋಗುತ್ತದೆ. ಆ ಕೈಯನ್ನು ಹಿಂದಕ್ಕೆ ತಂದು ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂರುತ್ತೇನೆ. ನೂಲು ಕಡಿಯುತ್ತದೆ. ಗಂಟು ಹಾಕುತ್ತೇನೆ. ಮತ್ತೆ ಏಳುತ್ತೇನೆ.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅಂದಿನಿಂದ ಬನಹಟ್ಟಿಯ ಈ ನೇಕಾರರ ಓಣಿಯಲ್ಲಿ ನೂಲಿನ ಜೊತೆಗೇ ಇದ್ದೇನೆ; ಮದುವೆಯಾದದ್ದೂ ಇದೇ ಓಣಿಗೆ. ಹಾಗಾಗಿ ಬರವಣಿಗೆಯಲ್ಲಿ ಎಲ್ಲಾದರೂ ಎಳೆ ತಪ್ಪಿದರೆ ನೀವೇ ಹುಡುಕಿ ಕೂಡಿಸಿಕೊಳ್ಳಬೇಕು.

ಪ್ರಾಣಿಗಳ ವಿಷಯದಲ್ಲಿ ನಮ್ಮ ಓಣಿಗೆ ತಿಳಿಯದ್ದು ಏನೂ ಇಲ್ಲ. ಎದುರು ಮನೆಯ ಗೌರವ್ವನಿಗಂತೂ ಎಲ್ಲವೂ ಗೊತ್ತು. ಬೇಲಿಯ ಮೇಲಿನ ಓತಿಕ್ಯಾತ ನಮ್ಮನ್ನು ನೋಡಿ ತಲೆ ಅಲ್ಲಾಡಿಸಿತು ಎಂದರೆ ಅದು ದೂರದಿಂದಲೇ ರಕ್ತ ಹೀರುತ್ತಿದೆ ಎಂದೇ ಅರ್ಥ; ಅದರ ಕೊರಳು ಕೆಂಪಾಗುವುದು ಅದಕ್ಕೇ. ಗೌರವ್ವ ಅದನ್ನು ಕಂಡ ಕೂಡಲೇ ಸೆರಗಿನಿಂದ ಕುತ್ತಿಗೆ ಮುಚ್ಚಿಕೊಂಡು ಓಡುತ್ತಾಳೆ. ಅವಳ ಆಕಾರ ನೋಡಿದರೆ ಈ ಓಣಿಯ ಯಾವ ಓತಿಕ್ಯಾತಕ್ಕೂ ಇಷ್ಟು ವರ್ಷಗಳಲ್ಲಿ ಒಂದು ತೊಟ್ಟೂ ಸಿಕ್ಕಿಲ್ಲ ಎಂದು ಹೇಳಬಹುದು. ನಮ್ಮಜ್ಜಿಯದು ಇನ್ನೊಂದು. ಬಾವಲಿ ಮುಖಕ್ಕೆ ಕಚ್ಚಿಕೊಂಡರೆ ಕತ್ತೆ ಒದರುವ ತನಕ ಬಿಡುವುದಿಲ್ಲವಂತೆ. ಇದನ್ನು ಕೇಳಿದ ದಿನದಿಂದ ನನ್ನ ತಮ್ಮ ಮಲ್ಲು ಸಂಜೆಯಾದರೆ ಮುಖಕ್ಕೆ ಟಾವೆಲ್ ಸುತ್ತಿಕೊಂಡು ತಿರುಗುತ್ತಿದ್ದ. ಅಗಸರ ಕತ್ತೆಗೆ ಕದ್ದು ರೊಟ್ಟಿ ಹಾಕಿ ಸ್ನೇಹ ಬೆಳೆಸಿದ್ದ. "ಬೇಕಾದಾಗ ಒದರಬೇಕಲ್ಲ ಅಕ್ಕಾ" ಎನ್ನುತ್ತಿದ್ದ.

ಈ ತಿಳಿವಳಿಕೆಗಳಿಂದ ಯಾರಿಗೂ ನಷ್ಟವಾಗಿಲ್ಲ. ಓತಿಕ್ಯಾತ ತಲೆ ಅಲ್ಲಾಡಿಸಿ ತನ್ನ ದಾರಿ ಹಿಡಿಯುತ್ತದೆ, ಕತ್ತೆಗೆ ಒಂದು ರೊಟ್ಟಿ ಲಾಭ. ಆದರೆ ನಮ್ಮ ಓಣಿ, ಅದರಲ್ಲೂ ನಾನು, ಒಂದು ನಾಯಿಯನ್ನು ತಪ್ಪಾಗಿ ತಿಳಿದೆವು. ತಿಳಿದು ಸುಮ್ಮನಿರಲಿಲ್ಲ.

ಮಲ್ಲು ಈಗ ಮುಧೋಳದ ಆಚೆ ತೋಟದಲ್ಲಿ ಮನೆ ಮಾಡಿಕೊಂಡಿದ್ದಾನೆ. ಕಬ್ಬು ಬೆಳೆಯುತ್ತಾನೆ. ಕಬ್ಬಿಗಿಂತ ಹೆಚ್ಚಿನ ಅಕ್ಕರೆಯಿಂದ ಬಿಜಲಿ ಎಂಬ ಮುಧೋಳದ ಬೇಟೆ ನಾಯಿಯನ್ನು ಸಾಕುತ್ತಾನೆ. ಕಬ್ಬು ಹೇರುವಾಗ ಟ್ರ್ಯಾಲಿಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. "ಇವರ ಕಾಲ ನೋಡ್ಲೋ, ನಾಯಿ ಕಾಲ ನೋಡ್ಲೋ" ಎಂದು ಅವನ ಹೆಂಡತಿ ಕಣ್ಣೀರು ಹಾಕಿದಾಗ ನಾನೇ ಮುಂದೆ ಬಿದ್ದು, "ಬಿಜಲಿನ್ನ ನನ್ನ ಕಡೆ ಕೊಡು" ಎಂದೆ. ಮಲ್ಲು ಕಾಲಿಗೆ ಪ್ಲಾಸ್ಟರ್ ಕಟ್ಟಿಕೊಂಡು ಮಲಗಿದ್ದಲ್ಲಿಂದಲೇ ನನ್ನನ್ನು ಬಹಳ ಹೊತ್ತು ನೋಡಿದ.

"ಅಕ್ಕಾ, ಸಂಜಿಗೆ ಒಂದ ಹೊತ್ತ ಊಟ. ಗೋಂಜಾಳ ನುಚ್ಚು, ಹಾಲು. ಮುಂಜಾನೆದ್ದು ಮಾಮಾ ಓಡಸಬೇಕು. ಬ್ಯಾರೆ ಏನೂ ಹಾಕಬ್ಯಾಡ. ಕೈ ಮುಗಿತೇನಿ."

"ಹಾಕಂಗಿಲ್ಲೋ."

"ಆಣಿ ಮಾಡು."

ಅವನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಬಿಜಲಿಯನ್ನು ನೀವು ನೋಡಬೇಕಿತ್ತು. ಮಗ್ಗದ ಲಾಳಿಯ ಹಾಗೆ ಎರಡೂ ತುದಿಗೆ ಚೂಪು. ಎದೆ ಆಳ, ಹೊಟ್ಟೆ ಎನ್ನುವುದು ಇಲ್ಲವೇ ಇಲ್ಲ, ಉದ್ದುದ್ದ ಕಾಲು, ಪಕ್ಕೆಲುಬುಗಳು ಒಂದೊಂದೂ ಎದ್ದು ಕಾಣಬೇಕು. ಆ ಜಾತಿಯೇ ಹಾಗೆ. ಇದು ಮುಧೋಳದಲ್ಲಿ ಕೂಸಿಗೂ ಗೊತ್ತು. ಆದರೆ ಮುಧೋಳದಿಂದ ಬನಹಟ್ಟಿಗೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಆ ಗೊತ್ತು ಎಲ್ಲೋ ದಾರಿಯಲ್ಲಿ ಇಳಿದು ಹೋಗಿತ್ತು. ಬಿಜಲಿಯನ್ನು ಕಟ್ಟೆಗೆ ಕಟ್ಟಿ ಒಳಗೆ ಬಂದು ನೀರು ಕುಡಿದಿರಲಿಲ್ಲ, ಗೌರವ್ವ ಬಂದಳು.

"ಅಯ್ಯ ಶಿವನ! ಶಾಂತಾ, ಈ ನಾಯಿಗೆ ಊಟಾ ಹಾಕಂಗಿಲ್ಲೇನ ಬೇ?"

"ಅದರ ಜಾತಿನ ಹಂಗ ಐತಿ, ಗೌರವ್ವಾ."

"ಹಸಕೊಂಡಿರೂದು ಯಾವ ಜಾತಿ ಬೇ?"

ಮರುದಿನ ನೂಲಿನ ಅಂಗಡಿಯವರು ಕೇಳಿದರು. ಹಾಲಿನವಳು ಕೇಳಿದಳು. ಯಾರದೋ ಮನೆಗೆ ಬಂದಿದ್ದ ತೇರದಾಳದ ಬೀಗರು, ನಮಗೆ ಗುರುತೂ ಇಲ್ಲದವರು, ಬಾಗಿಲಲ್ಲಿ ನಿಂತು, "ಮೂಕ ಪ್ರಾಣಿ ರೀ, ಪಾಪ ಹತ್ತತೈತಿ" ಎಂದು ಹೇಳಿ ಹೋದರು. ನನ್ನ ಯಜಮಾನರು ಮಾತ್ರ ಏನೂ ಕೇಳಲಿಲ್ಲ. ಓಡಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಮೊದಲ ದಿನ ಹೊಳೆಯ ದಾರಿಯಲ್ಲಿ ಬಿಜಲಿ ಅವರನ್ನೇ ಓಡಿಸಿತು. ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು. ಓಡಿಸುವುದು ಅಲ್ಲಿಗೆ ಮುಗಿಯಿತು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಹೋಗಲು ಮನಸ್ಸಿಲ್ಲ, ಆದರೆ ಹೋಗದಿದ್ದರೆ ನಾನು ಮಾಡಿದ್ದು ಬರೀ ಹುಚ್ಚುತನ ಎಂದು ತಿಳಿಯುತ್ತೀರಿ.

ಮಲ್ಲು ಚಿಕ್ಕವನಿದ್ದಾಗ ಹೀಗೇ ಇದ್ದ. ಕಡ್ಡಿ. ಜಡ್ಡಿಲ್ಲ ಜಾಪತ್ರಿಲ್ಲ, ದಿನವಿಡೀ ಓಡುವವನು, ಆದರೆ ಅಂಗಿ ಬಿಚ್ಚಿದರೆ ಎಲುಬು ಎಣಿಸಬಹುದು. ಅವ್ವ ಅಪ್ಪ ಇಬ್ಬರೂ ಕುಣಿ ಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆಗೇ ಏಳುವವರು. ಅವನಿಗೆ ಉಣಿಸುವುದು ನನ್ನ ಕೆಲಸ. ನಾನು ಆಗ ಉಂಡುಟ್ಟು ದುಂಡಗಿದ್ದೆ. ಇಬ್ಬರೂ ಜೊತೆಯಾಗಿ ಹೊರಗೆ ಹೋದರೆ ಓಣಿಯ ಹೆಂಗಸರು ಮೊದಲು ಅವನನ್ನು, ಆಮೇಲೆ ನನ್ನನ್ನು ನೋಡಿ, "ಹಾಲ ಯಾರ ಕುಡಿತಾರ ಅಂತ ಗೊತ್ತಾತು ಬಿಡು" ಎಂದು ನಗುತ್ತಿದ್ದರು. ಆ ನಗುವಿಗೆ ನಾನು ಹೆದರಿದಷ್ಟು ಅಪ್ಪನ ಕೈಗೂ ಹೆದರಿಲ್ಲ. ಮಲ್ಲುವನ್ನು ಗೋಡೆಗೆ ಒತ್ತಿ ಕೂರಿಸಿ ರೊಟ್ಟಿ ತುರುಕುತ್ತಿದ್ದೆ. ಅವನು ಬಾಯಲ್ಲಿಟ್ಟುಕೊಂಡು, ನಾನು ತಿರುಗಿದ ಕೂಡಲೇ ಹೋಗಿ ಮಗ್ಗದ ಕುಣಿಯ ಮೂಲೆಯಲ್ಲಿ ಉಗುಳಿ ಬರುತ್ತಿದ್ದ. ಉಳಿದ ತುಂಡುಗಳನ್ನೂ ಅಲ್ಲೇ ಬಚ್ಚಿಡುತ್ತಿದ್ದ. ನನಗೆ ಗೊತ್ತಿತ್ತು. ತಟ್ಟೆ ಖಾಲಿಯಾಯಿತಲ್ಲ, ಎದುರು ಮನೆಯವರಿಗೆ ತೋರಿಸಲು ಅಷ್ಟು ಸಾಕಿತ್ತು. ಒಂದು ಬೆಳಿಗ್ಗೆ ನೋಡಿದರೆ ರೊಟ್ಟಿಗೆ ಬಂದ ಇಲಿಗಳು ನೂಲಿಗೆ ಹಾಕಿದ ಗಂಜಿಯ ರುಚಿ ಹತ್ತಿ ಮಗ್ಗದ ಮೇಲಿನ ಹಾಸುನೂಲನ್ನೇ ಕಡಿದು ಹಾಕಿದ್ದವು. ಅಪ್ಪ ಮಲ್ಲುವನ್ನು ಹೊಡೆದ. ಅವನು ಅಳುತ್ತ ನನ್ನ ಕಡೆ ನೋಡಿದ. ನಾನು ಕಂಡಿಕೆ ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ.

ಸಾಕು. ಎದ್ದು ಹಾಲು ಉಕ್ಕಿತೇನೋ ನೋಡಿ ಬಂದೆ. ಇವತ್ತು ಹಾಲೇ ಕಾಯಿಸಿಲ್ಲ.

ಬಿಜಲಿಗೆ ಮೊದಲು ಹಾಕಿದ್ದು ಬರೀ ಅರ್ಧ ರೊಟ್ಟಿ, ಅದೂ ಗೌರವ್ವ ನೋಡುವ ಹಾಗೆ ಕಟ್ಟೆಯ ಮೇಲೆ ನಿಂತು. ಆಮೇಲೆ ಇಡೀ ರೊಟ್ಟಿ. ಆಮೇಲೆ ತುಪ್ಪ ಸವರಿ. ನಾಯಿಗೆ ಪಟ್ಟೆಂದು ರುಚಿ ಗೊತ್ತಾಗುತ್ತದೆ. ಮೆಕ್ಕೆಜೋಳದ ನುಚ್ಚು ಇಟ್ಟರೆ ಮೂಸಿ ನನ್ನ ಮುಖ ನೋಡತೊಡಗಿತು. ನಾನು ಶುರು ಮಾಡಿದ್ದನ್ನು ಓಣಿ ಕೈಗೆತ್ತಿಕೊಂಡಿತು. ಹಾಲಿನವಳು ಉಳಿದ ಹಾಲು ಸುರಿದಳು. ಹಬ್ಬದ ದಿನ ಗೌರವ್ವ ಹೋಳಿಗೆ ತಂದು, "ತಿನ್ನು ನನ್ನವ್ವ, ತವರಮನಿಗಿ ಬಂದೀದಿ" ಎಂದು ಅದರ ಬಾಯಿಗೇ ಇಟ್ಟಳು. ದಿನ ಹೋದಂತೆ ಎಲುಬುಗಳು ಒಂದೊಂದಾಗಿ ಒಳಗೆ ಹೋದವು. ಪಟ್ಟಾ ಬಿಗಿಯಾಯಿತು. ಚಮ್ಮಾರನ ಹತ್ತಿರ ಹೊಸ ತೂತು ಹಾಕಿಸಿದೆ. ಮತ್ತೊಂದು ಹಾಕಿಸಿದೆ. ಕೊನೆಗೆ ತೂತಿಗೆ ಜಾಗ ಉಳಿಯದೆ ದೊಡ್ಡ ಪಟ್ಟಾನೇ ತಂದೆ. ಈಗ ಮೊಳೆಗೆ ನೇತಾಡುತ್ತಿರುವುದು ಅದೇ. ಓಣಿಯಲ್ಲಿ ಎಲ್ಲರೂ, "ಈಗ ನೋಡು, ಮಾರಿಗೆ ಕಳಾ ಬಂತು" ಎಂದರು. ನಿಜ ಹೇಳಬೇಕೆಂದರೆ ನನಗೆ ಆ ಮಾತು ತುಪ್ಪದ ಹಾಗೆ ಇಳಿಯಿತು.

ಮಲ್ಲು ಫೋನ್ ಮಾಡುತ್ತಿದ್ದ.

"ಹೆಂಗೈತಿ ಬಿಜಲಿ?"

"ಛಲೋ ಐತಿ."

"ಒಂದ ಫೋಟೋ ಕಳಸು."

ಮುಖದ ಫೋಟೋ ಕಳಿಸಿದೆ. ಆ ಜಾತಿಯ ನಾಯಿಯ ಮುಖ ಎಷ್ಟು ತಿಂದರೂ ದಪ್ಪವಾಗುವುದಿಲ್ಲ, ಅದೊಂದು ನನ್ನ ಪುಣ್ಯ. "ಬರೇ ಮಾರಿ ಯಾಕ ಕಳಸ್ತೀ, ಮೈ ಕಾಣೂ ಹಂಗ ಕಳಸು" ಎಂದ. ಬಾಗಿಲ ಮರೆಯಲ್ಲಿ ನಿಲ್ಲಿಸಿ ತಲೆ ಮತ್ತು ಮುಂಗಾಲು ಮಾತ್ರ ಕಾಣುವ ಹಾಗೆ ಕಳಿಸಿದೆ.

ಅದೇ ದಿನಗಳಲ್ಲಿ ನಮ್ಮ ಯಜಮಾನರ ಸೋದರತ್ತೆ ಬೀಳಗಿಯಿಂದ ಬಂದು ಉಳಿದರು. ಅವರ ನಂಬಿಕೆ ಹಲ್ಲಿಯ ಮೇಲೆ. ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆ. ಪ್ರತಿ ಮಾತಿನ ಕೊನೆಗೂ ತಲೆ ಎತ್ತಿ ಕಾಯುತ್ತಾರೆ. ನಮ್ಮ ಮನೆಯಲ್ಲಿ ಪವರ್‌ಲೂಮಿನ ಖಟಪಟದಲ್ಲಿ ಮನುಷ್ಯರು ಕೂಗಿದ್ದೇ ಕೇಳುವುದಿಲ್ಲ, ಹಲ್ಲಿಯದು ಎಲ್ಲಿ ಕೇಳಬೇಕು? ಹೊರಡುವ ದಿನ ಬಹಳ ಬೇಸರದಿಂದ, "ಏನವ್ವಾ ಶಾಂತಾ, ನಿಮ್ಮನ್ಯಾಗ ಒಂದರೆ ಖರೆ ಮಾತ ಆಡೂದಿಲ್ಲೇನು? ಹಲ್ಲಿ ಒಮ್ಮೆರ ಲೊಚಗುಡಲಿಲ್ಲ" ಎಂದರು. ಎಲ್ಲರೂ ನಕ್ಕರು. ನಾನು ನಗುತ್ತ ಹೋಗಿ ಫೋನನ್ನು ಮಗುಚಿ ಇಟ್ಟೆ.

ಒಂದು ಮಧ್ಯಾಹ್ನ ಬಿಜಲಿ ಗೌರವ್ವನ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತು. ಓಣಿಯ ತಿರುವಿನ ತನಕವೂ ಹೋಗಲಿಲ್ಲ. ನಡುವೆಯೇ ಕೂತಿತು, ಆಮೇಲೆ ಮಲಗಿತು, ನಾಲಿಗೆ ನೆಲಕ್ಕೆ ಹತ್ತಿತ್ತು, ಪಕ್ಕೆ ಹೊಡೆದುಕೊಳ್ಳುತ್ತಿತ್ತು. ಬೆಕ್ಕು ಸ್ವಲ್ಪ ದೂರದಲ್ಲಿ ನಿಂತು ತಿರುಗಿ ನೋಡಿತು. ಇನ್ನೂ ಬರುತ್ತೀಯೋ ಇಲ್ಲವೋ ಎಂದು ಕೇಳುವ ಹಾಗೆ. ನಾನು ನೀರು ಚಿಮುಕಿಸಿದರೂ ಏಳಲಿಲ್ಲ. ಯಜಮಾನರು ಟಂಟಂ ಗಾಡಿ ತರಿಸಿದರು. ನಾಲ್ಕು ಜನ ಎತ್ತಿ ಹಾಕಿ ಜಮಖಂಡಿಗೆ ದನದ ಡಾಕ್ಟರ ಹತ್ತಿರ ಒಯ್ದೆವು. ದಾರಿಯುದ್ದಕ್ಕೂ ಅದರ ತಲೆ ನನ್ನ ತೊಡೆಯ ಮೇಲಿತ್ತು. ಅದು ಸತ್ತರೆ ಮಲ್ಲುಗೆ ಏನು ಹೇಳಲಿ ಎಂದು ಯೋಚಿಸಿದೆ. ಆಗಲೂ ನನ್ನ ಯೋಚನೆ ಹೇಳುವ ಮಾತಿನದೇ ಆಗಿತ್ತು, ನಾಯಿಯದಾಗಿರಲಿಲ್ಲ. ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ.

ಡಾಕ್ಟರು ಸೂಜಿ ಹಾಕಿ, ಎದೆ ಪರೀಕ್ಷಿಸಿ, "ಇದು ಯಾವ ನಾಯಿರಿ?" ಎಂದು ಕೇಳಿದರು.

"ಮುಧೋಳ ನಾಯಿ ರೀ."

"ಯಾರ ಹೇಳಿದ್ರು ನಿಮಗ?"

ಯಜಮಾನರು ಕೆಮ್ಮಿದರು. ಡಾಕ್ಟರು ಇನ್ನೊಮ್ಮೆ ಮುಖ ನೋಡಿ, ಕಾಲು ನೋಡಿ, ಮೆಲ್ಲಗೆ, "ಪ್ರೀತಿಲೆ ಕೊಲ್ಲಾಕತ್ತೀರಿ ತಾಯಿ. ಇದರ ಎದಿ ಓಡಾಕ ಆಗಿದ್ದು, ಇಷ್ಟ ಭಾರ ಹೊರಾಕ ಅಲ್ಲ" ಎಂದರು. ಪ್ರೀತಿ ಎಂಬ ಮಾತು ಕೇಳಿ ನನಗೆ ಇನ್ನೂ ನಾಚಿಕೆಯಾಯಿತು. ಪ್ರೀತಿಯಾದರೂ ಆಗಿದ್ದರೆ ಚೆನ್ನಾಗಿತ್ತು.

ಅಂದೇ ಮಲ್ಲುಗೆ ಎಲ್ಲ ಹೇಳಿಬಿಡಬೇಕೆಂದು ಫೋನ್ ಹಚ್ಚಿದೆ. ಅವನ ದನಿ ಕೇಳಿದ ಕೂಡಲೇ ನಮ್ಮ ಊರಿನ ಬಿಸಿಲಿನ ಬಗ್ಗೆ ಮಾತಾಡಿದೆ. ನೂಲಿನ ಬಗ್ಗೆ ಮಾತಾಡಿದೆ. ಅವನು, "ಬಿಜಲಿದು ಒಂದ ಪೂರ್ತಿ ಫೋಟೋ ಕಳಸ ಅಕ್ಕಾ" ಎಂದ. ಅದನ್ನು ಕರೆತಂದ ದಿನ ತೆಗೆದದ್ದು ಒಂದಿತ್ತು. ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನೇ ಫೋನ್ ಮಾಡಿದ.

"ಅಕ್ಕಾ, ಈ ಫೋಟೋದಾಗ ನನ್ನ ಕೈ ಐತೆಲ್ಲ."

ಹೌದು. ಮಂಚದ ಮೇಲಿಂದ ಚಾಚಿದ ಅವನ ಕೈ ಬಿಜಲಿಯ ಬೆನ್ನ ಮೇಲಿತ್ತು. ಬನಹಟ್ಟಿಯಲ್ಲಲ್ಲ, ಅವನ ತೋಟದ ಮನೆಯಲ್ಲಿ, ನಾನು ಹೊರಡುವ ಮೊದಲು ತೆಗೆದ ಫೋಟೋ ಅದು. "ಕೇಳಸವಲ್ದೋ ಮಲ್ಲು, ಕರೆಂಟ್ ಹೋತು" ಎಂದು ಫೋನ್ ಇಟ್ಟುಬಿಟ್ಟೆ. ಕರೆಂಟ್ ಹೋದರೆ ಫೋನಿಗೆ ಏನಾಗುತ್ತದೆ ಎಂದು ಮತ್ತೆ ಫೋನ್ ಮಾಡಿ ಕೇಳುವಷ್ಟು ಕೆಟ್ಟವನಲ್ಲ ನನ್ನ ತಮ್ಮ.

ಮರುದಿನ ಬಂದೇಬಿಟ್ಟ, ಬಡಿಗೆ ಊರಿಕೊಂಡು, ಕುಂಟುತ್ತ. ಓಣಿಯ ತುದಿಯಿಂದಲೇ "ಬಿಜಲೀ" ಎಂದು ಕೂಗಿದ. ಬಿಜಲಿಯ ಕಿವಿ ನಿಮಿರಿತು. ತೋಟದಲ್ಲಾದರೆ ಈ ಕೂಗಿಗೆ ಅದು ಹಾರಿ ಅವನ ಹೆಗಲ ಮೇಲೆ ಕಾಲಿಡುತ್ತಿತ್ತಂತೆ. ಈಗಲೂ ಹೊರಟಿತು, ಓಡುತ್ತಿದೆ ಎಂದು ಅದಕ್ಕೆ ಅನಿಸಿರಬೇಕು. ಅವನ ಹತ್ತಿರ ಹೋಗಿ ಹಾರಿತು. ಮುಂಗಾಲು ಅವನ ಮೊಣಕಾಲ ತನಕ ಮುಟ್ಟಿತು. ಅಲ್ಲೇ ಕೂತು ತೇಕುತ್ತ ಬಾಲ ಬಡಿಯಿತು.

ಮಲ್ಲು ಬಯ್ಯುತ್ತಾನೆ ಎಂದು ಕಾದೆ. ಅವನು ಬಡಿಗೆ ಬಿಟ್ಟು, ಕಷ್ಟಪಟ್ಟು ನೆಲಕ್ಕೆ ಕೂತು, ಅದರ ಪಕ್ಕೆಯ ಮೇಲೆ ಬೆರಳಾಡಿಸಿದ. ಕತ್ತಲೆಯಲ್ಲಿ ಏನನ್ನೋ ಹುಡುಕುವವರ ಹಾಗೆ.

"ಎಲುಬು ಎಲ್ಲಿ ಹೋದ್ವು, ಅಕ್ಕಾ?"

"ಮಂದಿ... ಊಟಾ ಹಾಕಂಗಿಲ್ಲೇನ ಅಂತಿದ್ರೋ."

"ಮಂದಿ." ಅವನು ತಲೆ ಎತ್ತಲಿಲ್ಲ. "ನನಗೂ ಹಿಂಗ ತಿನಸ್ತಿದ್ದಿ. ನಾನರ ಕುಣಿಯಾಗ ಉಗಳಿ ಬರತಿದ್ದೆ. ಇದಕ್ಕ ಕುಣಿ ಎಲ್ಲೈತಿ?"

ಅವನು ತೋಟದಿಂದ ತಂದಿದ್ದ ಇನ್ನೊಂದು ಪಟ್ಟಾ ಅದರ ಕೊರಳಿಗೆ ಬರಲಿಲ್ಲ. ನನ್ನ ದೊಡ್ಡ ಪಟ್ಟಾದಲ್ಲೇ ಒಯ್ದ. ನೀರನ್ನೂ ಕುಡಿಯಲಿಲ್ಲ. ಗೌರವ್ವ ಮಾತ್ರ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು, "ಮತ್ತ ಹೊಟ್ಟಿಗಿ ಕಮ್ಮಿ ಮಾಡಬ್ಯಾಡೋ ಮಲ್ಲಪ್ಪಾ" ಎಂದು ಕೂಗಿದಳು.

ಆಮೇಲೆ ಫೋನ್ ಇಲ್ಲ. ಎಷ್ಟೋ ದಿನ ಇಲ್ಲ. ನಾನೂ ಹಚ್ಚಲಿಲ್ಲ. ಮಗ್ಗ ನಿಂತ ಕೂಡಲೇ ಫೋನು ಬಡಿದ ಹಾಗಾಗುತ್ತಿತ್ತು. ಕೂತರೆ ಏಳಬೇಕು, ಎದ್ದರೆ ಏಕೆ ಎದ್ದೆ ಎಂದು ತಿಳಿಯದು. ಹಲ್ಲಿಯನ್ನು ಕೇಳೋಣ ಎಂದರೆ ಅದೂ ಕೇಳಿಸದು. ಕಬ್ಬು ಕಡಿಯುವ ಹಂಗಾಮು ಮುಗಿಯಿತು. ಒಂದು ದಿನ ಮುಧೋಳದ ಬಸ್ಸಿನಲ್ಲಿ ಬಂದ ನೂಲಿನವರೊಬ್ಬರು ಕಾಗದದಲ್ಲಿ ಸುತ್ತಿದ ಪುಡಿಕೆ ಕೊಟ್ಟು ಹೋದರು. ಬಿಚ್ಚಿದರೆ ಆ ದೊಡ್ಡ ಪಟ್ಟಾ. ಬಿಜಲಿ ಸತ್ತಿತು ಎಂದೇ ತಿಳಿದೆ. ಕೂಡಲೇ ಫೋನ್ ಹಚ್ಚಿದೆ.

"ಮಲ್ಲು, ಬಿಜಲಿ..."

"ಪಟ್ಟಾ ಬಂತೇನು? ಕೊಳ್ಳಾಗಿಂದ ಜಾರಿ ಬೀಳಾಕತ್ತಿತ್ತು. ಅದಕ್ಕ ಕಳಿಸಿದೆ."

ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ಅವನಿಗೆ ಕೇಳಿಸದಿರಲಿ ಎಂದು ಮಗ್ಗದ ಹತ್ತಿರ ಹೋಗಿ ನಿಂತೆ. ಆ ಗದ್ದಲದಲ್ಲೇ ಅವನು ಒದರಿ ಹೇಳಿದ: "ಒಮ್ಮೆ ಬಂದ ನೋಡ್ಕೊಂಡ ಹೋಗು. ಬರೇಗೈಲೆ ಬರಬೇಕ ಮತ್ತ!"

ಬರಿಗೈಯಲ್ಲಿ ತಮ್ಮನ ಮನೆಗೆ ಹೋಗುವುದು ಎಂದರೇನು ಎಂದು ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಕೇಳಬೇಕು. ಬುತ್ತಿಯ ಗಂಟಿಲ್ಲದೆ ನಾನು ಆ ಬಸ್ಸು ಹತ್ತಿದವಳೇ ಅಲ್ಲ. ಹೊರಡುವ ಬೆಳಿಗ್ಗೆ ಸಜ್ಜಿರೊಟ್ಟಿ ಬಡಿದೆ, ಕಟ್ಟಿದೆ, ಬಿಚ್ಚಿದೆ. ಯಜಮಾನರು ನೋಡಿ, "ನಾನ ತಿಂತೇನಿ, ನೀ ಹೋಗು" ಎಂದರು. ಹೊರಗೆ ಕಾಲಿಟ್ಟರೆ ಗೌರವ್ವ.

"ಎತ್ತಾಗ ಬೇ?"

"ತಮ್ಮನ ಮನಿಗಿ."

ಅವಳು ನನ್ನ ಎರಡೂ ಕೈ ನೋಡಿದಳು. "ಬರೇಗೈಲೆ? ಮಂದಿ ಏನಂದಾರ ಬೇ ಶಾಂತಾ?"

ಕಾಲು ಒಳಗೆ ತಿರುಗಿತ್ತು. ಎಷ್ಟು ಬೇಗ ತಿರುಗಿತು ಎಂದು ನನಗೇ ಆಶ್ಚರ್ಯ. ರೊಟ್ಟಿಬುಟ್ಟಿ ಅಲ್ಲಿಂದಲೇ ಕಾಣುತ್ತಿತ್ತು.

"ಹೂಂ, ಬರೇಗೈಲೆ" ಎಂದೆ. "ಅನ್ನೂದಿದ್ರ ನೀ ಇಲ್ಲೆ ಅಂದಬಿಡು, ನಾ ಕೇಳಿ ಹೋಗತೇನಿ."

ಗೌರವ್ವ ಓತಿಕ್ಯಾತ ಕಂಡವಳ ಹಾಗೆ ಸೆರಗಿನಿಂದ ಕುತ್ತಿಗೆ ಮುಚ್ಚಿಕೊಂಡು ಒಳಗೆ ಹೋದಳು. ನಾನು ಹೊರಟೆ. ಓಣಿಯ ತಿರುವಿನ ತನಕ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಸೆರಗಿನ ತುದಿಯಲ್ಲಿ ಏನೋ ಗಟ್ಟಿಯಾಗಿ ತಾಕಿತು. ಬೆಲ್ಲದ ಹೆಂಟೆ. ಯಾವಾಗ ಗಂಟು ಹಾಕಿಕೊಂಡೆನೋ, ಆ ಕೈಗಳನ್ನೇ ಕೇಳಬೇಕು. ಎಸೆಯಲು ಮನಸ್ಸಾಗಲಿಲ್ಲ. ಮಹಾಲಿಂಗಪುರ ದಾಟಿತು, ಕಬ್ಬಿನ ಕೂಳೆಯ ಹೊಲಗಳು ಹಿಂದಕ್ಕೆ ಹೋದವು. ಮುಧೋಳ ಬರುವ ಮೊದಲೇ ಅಷ್ಟೂ ಬೆಲ್ಲವನ್ನು ನಾನೇ ತಿಂದುಬಿಟ್ಟೆ.

ಮಲ್ಲು ಬಸ್ ನಿಲ್ದಾಣದ ಹೊರಗೆ ನಿಂತಿದ್ದ, ಬಡಿಗೆ ಇಲ್ಲದೆ. ಪಕ್ಕದಲ್ಲಿ ಬಿಜಲಿ. ಬಿಸಿಲಿಗೆ ಅದರ ಪಕ್ಕೆಲುಬುಗಳ ನೆರಳು ಮೈಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ಅವನು ಮೊದಲು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಬಿಜಲಿ ಮಾತ್ರ ನೇರವಾಗಿ ಬಂದು ಸೆರಗಿನ ತುದಿಗೆ ಮೂಗಿಟ್ಟು, ಬಿಡದೆ ನೆಕ್ಕತೊಡಗಿತು.

"ಅಕ್ಕಾ, ಸೆರಗಿನ್ಯಾಗ ಏನಿತ್ತು?"

"ಬೆಲ್ಲ ಇತ್ತೋ. ನಾನ ತಿಂದೆ" ಎಂದೆ, ಒಂದೇ ಉಸಿರಿಗೆ.

ಅವನು ಆಗ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿ, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕೇಳಿದ:

"ಯಾಕ ಇಷ್ಟ ಸೊರಗೀದಿ ಬೇ? ಮಾಮಾ ಊಟಾ ಹಾಕಂಗಿಲ್ಲೇನು?"